ಎಂಟನೇ ವರ್ಷದ ಗುದ್ದು

ಭೀಮನ ಅಮಾವಾಸ್ಯೆಯ ದಿನ ಅಕ್ಕನ ಬೆನ್ನಿಗೆ ಗುದ್ದುವುದು ತಮ್ಮನ ಹಕ್ಕು. ಗಂಡನ ಆಯಸ್ಸು ಬೇಡಿ ಹೆಂಗಸರು ಅಂದು ಉಪವಾಸವಿದ್ದು ಪೂಜೆ ಮಾಡುತ್ತಾರೆ. ಪೂಜೆ ಮುಗಿದ ಮೇಲೆ ಹೊಸಿಲಿನ ಮೇಲೆ ಹಿಟ್ಟಿನ ಉಂಡೆ ಇಡುತ್ತಾರೆ, ಅದರೊಳಗೆ ನಾಣ್ಯ. ಅದಕ್ಕೆ ಭಂಡಾರ ಎನ್ನುತ್ತೇವೆ. ತವರಿನಿಂದ ಬಂದ ಗಂಡುಮಗ ಅದನ್ನು ಮೊಣಕೈಯಿಂದ ಒಡೆದು, ಅಕ್ಕತಂಗಿಯರ ಬೆನ್ನಿಗೆ ಒಂದು ಗುದ್ದು ಹಾಕಬೇಕು. ನಾನು ಪ್ರತಿವರ್ಷ, ಮದುವೆಯಾದ ಮೇಲೆ ಹೆಂಡತಿಯ ಪೂಜೆಗೆ ಬೆಳಿಗ್ಗೆಯೇ ಕೂತೆದ್ದು, ಕೊಳ್ಳೇಗಾಲದಿಂದ ಬಸ್ಸು ಹಿಡಿದು ಬಂಡಳ್ಳಿಗೆ ಹೋಗುತ್ತಿದ್ದದ್ದು ಇದಕ್ಕೇ. ಅಕ್ಕ ಬೆನ್ನು ಬಗ್ಗಿಸಿ, "ಜೋರಾಗಿ ಆಕ್ಲಾ, ಮಗ್ಗ ನೇಯೋ ಕೈಯಾ ಇದು?" ಎಂದು ನಗುತ್ತಿದ್ದಳು.

ಈ ವ್ರತವನ್ನು ಮದುವೆಯಾದಂದಿನಿಂದ ಒಂಬತ್ತು ವರ್ಷ ಬಿಡದೆ ಮಾಡಬೇಕು. ಹೋದ ವರ್ಷ ಅಕ್ಕನದು ಎಂಟನೆಯದು.

ಆ ಸಲ ಅವಳು ನಗಲಿಲ್ಲ. ಭಾವ ಮಣೆಯ ಮೇಲೆ ಕೂತು ತಟ್ಟೆಯಲ್ಲಿ ಕಾಲಿಟ್ಟಿದ್ದ. ಅವಳು ತೊಳೆದಳು, ಅರಿಸಿನ ಹಚ್ಚಿದಳು, ಆ ನೀರನ್ನು ತಲೆಗೆ ಚಿಮುಕಿಸಿಕೊಂಡಳು. ಅವನು ಫೋನು ನೋಡುತ್ತಿದ್ದ. ನಾನು ಭಂಡಾರ ಒಡೆದೆ. ಅವಳು ಬೆನ್ನು ಬಗ್ಗಿಸಿದಳು. ಮಾಮೂಲಿನಂತೆ ಗುದ್ದಿದೆ.

ಕರುವನ್ನು ತುಳಿದರೆ ಬರುವಂಥ ಒಂದು ಸದ್ದು ಅವಳ ಬಾಯಿಂದ ಬಂತು. ಹೊಸಿಲ ಪಕ್ಕ ಕುಸಿದು ಕೂತಳು. ನನ್ನ ಮುಷ್ಟಿ ತೇವವಾಗಿತ್ತು. ನೋಡಿಕೊಂಡರೆ ರಕ್ತ.

"ನಿಮ್ಮಕ್ಕನ್ನ ಬೆಣ್ಣೇಲಿ ಮಾಡವ್ರೆ ಕಣಪ್ಪಾ ಬಾಮೈದ, ಮುಟ್ಟಂಗಿಲ್ಲ," ಎಂದ ಭಾವ. ಫೋನಿನಿಂದ ತಲೆ ಎತ್ತಲಿಲ್ಲ.

ಅಡುಗೆಮನೆಯಲ್ಲಿ ಅವಳು ಸೆರಗು ಸರಿಸಿ ತೋರಿಸಿದಳು. ಹೊಲಕ್ಕೆ ನೀರು ಬಿಡುವ ಡ್ರಿಪ್ ಪೈಪಿನಲ್ಲಿ ಹೊಡೆದಿದ್ದ. ಬೆನ್ನ ತುಂಬ ಬಾಸುಂಡೆ, ಎರಡು ಕಡೆ ಚರ್ಮ ಒಡೆದು ಕೀವಾಗಿತ್ತು. ಪೂಜೆ ಸಾಮಾನಿಗೆ ಕಾಸು ಕೇಳಿದ್ದಕ್ಕಂತೆ. ಅವನ ಆಯಸ್ಸಿನ ಪೂಜೆಗೆ.

ನಾನು ಹೊರಗೆ ಬಂದು ಮಣೆಯನ್ನು ಒದ್ದೆ. ತಟ್ಟೆ ಗೋಡೆಗೆ ಬಡಿಯಿತು. ಅವನು ನನ್ನ ಕುತ್ತಿಗೆ ಹಿಡಿದ, ನಾನು ಅವನ ಕೂದಲು ಹಿಡಿದೆ. ಬೀದಿಯವರು ಬಂದು ಬಿಡಿಸಿದರು. ಸಂಜೆಯ ಬಸ್ಸಿಗೆ ಅಕ್ಕನನ್ನು ಕರೆತಂದೆ.

ಮನೆಯಲ್ಲಿ ಹನ್ನೆರಡು ದಿನ ಇದ್ದಳು. ಅವ್ವ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಅಳುತ್ತಿದ್ದಳು. ಬಾಯಿ ಮಾತ್ರ ಬೇರೆಯದನ್ನೇ ಹೇಳುತ್ತಿತ್ತು.

"ಇನ್ನೊಂದೇ ವರ್ಸ ಕಣವ್ವಾ. ಒಂಬತ್ತು ತುಂಬುಸ್ಬುಡು. ನಡುವೆ ಬುಟ್ರೆ ತಾಳಿಗೆ ಕೇಡು. ಗಂಡನ ಮನೇಲಿ ಕೂತು ಮುಗಿಸ್ಬೇಕು, ತವರಲ್ಲಿ ಮಾಡಂಗಿಲ್ಲ."

"ತುಂಬೋ ಗಂಟ ನಾನಿರ್ಬೇಕಲ್ಲವ್ವ," ಎಂದಳು ಅಕ್ಕ.

"ತೂ, ಬುಡ್ತು ಅನ್ನು."

ಅಕ್ಕ ನನ್ನ ಮುಖ ನೋಡಿದಳು. ಅವಳು ಕಾಯುತ್ತಿದ್ದದ್ದು ನನ್ನ ಮಾತಿಗೆ. 'ಬೇಡ, ಇಲ್ಲೇ ಇರು' ಎಂಬ ಮೂರು ಮಾತು ಸಾಕಾಗಿತ್ತು. ನಾನು ಆಡಲಿಲ್ಲ. ವ್ರತ ಮುರಿದರೆ ಏನಾದರೂ ಆಗಿಬಿಡಬಹುದು ಎಂಬ ಭಯ ನನಗೂ ಇತ್ತು. ಅಪ್ಪ ಸತ್ತಾಗ ಅವ್ವ ಯಾವುದೋ ಸೋಮವಾರದ ಉಪವಾಸ ತಪ್ಪಿಸಿದ್ದಳು ಎಂದು ಜನ ಆಡಿಕೊಂಡಿದ್ದನ್ನು ಕೇಳಿ ಬೆಳೆದವನು ನಾನು. ಹದಿಮೂರನೇ ದಿನ ಅವಳ ಚೀಲ ಹಿಡಿದು ಬಸ್ಸು ಹತ್ತಿಸಿದೆ. ಕಿಟಕಿ ಪಕ್ಕ ಸೀಟು ಹಿಡಿದುಕೊಟ್ಟೆ. ಬೆನ್ನು ಒರಗಲಾರದೆ ಅವಳು ಮುಂದೆ ಬಾಗಿ ಕೂತಿದ್ದಳು.

ಕಾರ್ತಿಕದ ಒಂದು ಸೋಮವಾರ ಮಧ್ಯಾಹ್ನ ಬಂಡಳ್ಳಿಯಿಂದ ಫೋನು ಬಂತು.

ನಡೆದದ್ದನ್ನು ಪಕ್ಕದ ಮನೆಯ ಹೆಂಗಸು ಹೇಳಿದಳು. ಅಕ್ಕ ಅಂದು ಒಪ್ಪೊತ್ತು. ಹೊತ್ತು ಮುಳುಗುವವರೆಗೆ ಏನೂ ತಿನ್ನುವಂತಿಲ್ಲ. ಅವನು ಬೆಳಿಗ್ಗೆಯೇ ಕುಡಿದು, ಕವರಿನಲ್ಲಿ ಕೋಳಿ ಮಾಂಸ ತಂದು ಮಾಡು ಎಂದ. ಸೋಮವಾರ, ನಾಳೆ ಮಾಡ್ತೀನಿ ಎಂದಳಂತೆ. ಜುಟ್ಟು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ. ಬಟ್ಟೆ ಒಗೆಯುವ ಕಲ್ಲಿಗೆ ತಲೆಯನ್ನು ಒಂದು ಸಲ ಅಲ್ಲ, ಮೂರು ಸಲ ಕುಟ್ಟಿದ. ಆಮೇಲೆ ಆ ಮಾಂಸವನ್ನು ಅವಳ ಮುಖದ ಮೇಲೆ ಸುರಿದು ಹೊರಟುಹೋದ. ಆ ಹೆಂಗಸು ಓಡಿ ಬಂದಾಗ ನಾಯಿ ಬಂದಿತ್ತು.

ಆಸ್ಪತ್ರೆಯಲ್ಲಿ ನಾನೇ ಗುರುತು ಹಿಡಿದೆ. ಮುಖದಿಂದ ಹಿಡಿಯಲು ಆಗಲಿಲ್ಲ. ಬಲಗೈಯಲ್ಲಿ ಅಮಾವಾಸ್ಯೆಯ ಪೂಜೆಗೆ ಕಟ್ಟಿಕೊಂಡಿದ್ದ ಒಂಬತ್ತು ಗಂಟಿನ ಅರಿಸಿನ ದಾರ ಇನ್ನೂ ಇತ್ತು. ಪೋಸ್ಟ್‌ಮಾರ್ಟಂ ಕಾಗದದಲ್ಲಿ ಎಷ್ಟೋ ಅರ್ಥವಾಗದ ಪದಗಳಿದ್ದವು. ಪೊಲೀಸಿನವರೊಬ್ಬರು ಓದಿ ಹೇಳಿದರು. ಹೊಟ್ಟೆ ಖಾಲಿ ಇತ್ತು ಎಂಬ ಒಂದು ಸಾಲು ಮಾತ್ರ ನನ್ನಲ್ಲಿ ಉಳಿಯಿತು.

ಜಾಮೀನಿನ ಮೇಲೆ ಹೊರಬಂದವನನ್ನು ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಟೀ ಕುಡಿಯುತ್ತಿದ್ದ. ಮೈ ತುಂಬಿಕೊಂಡಿದ್ದ. ಗ್ಲಾಸಿನ ಸಮೇತ ಅವನ ಬಾಯಿಗೆ ಗುದ್ದಿದೆ. ಗಾಜು ನನ್ನ ಬೆರಳೊಳಗೂ ಹೋಯಿತು, ಅವನ ತುಟಿಯೂ ಹರಿಯಿತು. ಬಿದ್ದವನು ರಕ್ತ ಉಗುಳಿ ನಕ್ಕ.

"ಎಂಟು ವರ್ಸದ ಪೂಜೆ ಐತೆ ಕಣ್ಲಾ ನನ್ ತಲೆ ಮ್ಯಾಲೆ. ನಿನ್ ಕೈಲಿ ಏನಾಯ್ತದೆ?"

ಹೌದು, ಅಕ್ಕ ಬೇಡಿದ್ದು ಅವಳಿಗೆ ಸಿಕ್ಕಿತ್ತು. ಅವನು ಬದುಕಿದ್ದ.

ಈ ವರ್ಷ ಆಷಾಢದ ಅಮಾವಾಸ್ಯೆ ಬಂತು. ನನ್ನ ಹೆಂಡತಿಗೆ ಇದು ಆರನೇ ವರ್ಷ. ಯಳಂದೂರಿನಿಂದ ಅವಳ ಅಣ್ಣ ಬರುವವನಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಮಣೆ ಹಾಕಿದ್ದಳು, ಮುಂದೆ ತಟ್ಟೆ, ಚೊಂಬಿನಲ್ಲಿ ನೀರು.

"ಕುತ್ಕಳಿ."

"ಬ್ಯಾಡ. ಎದ್ದು ತಿಂಡಿ ತಿನ್ನು."

"ಪೂಜೆ ಆಗ್ದೆ ಎಂಗ್ ತಿನ್ನಾದು?"

"ತಿನ್ನು ಅಂದೆ."

"ನಿಮ್ಮಕ್ಕನ ಗಂಡ ಕೆಟ್ಟೋನಾದ್ರೆ ನನ್ ಉಪಾಸ ಏನ್ ಮಾಡ್ತು? ನಂಗೆ ನೀವು ಚೆನ್ನಾಗಿರ್ಬೇಕು, ಅಷ್ಟೇಯ."

ಒಲೆಯ ಹತ್ತಿರ ಇಡ್ಲಿ ಇತ್ತು. ಒಂದನ್ನು ತಂದು ಅವಳ ಬಾಯಿಗೆ ಒತ್ತಿದೆ. ಅವಳು ತುಟಿ ಬಿಗಿಹಿಡಿದು ಮುಖ ತಿರುಗಿಸಿದಳು. ಗದ್ದ ಹಿಡಿದು ಮತ್ತೆ ಒತ್ತಿದೆ. ಇಡ್ಲಿ ಪುಡಿಯಾಗಿ ಅವಳ ಸೀರೆಯ ಮೇಲೆ ಬಿತ್ತು. ಅವಳು ನನ್ನ ಕೈ ಕೊಡವಿದಳು. ನನ್ನ ಇನ್ನೊಂದು ಕೈ ಮೇಲೆ ಹೋಗಿತ್ತು. ಯಾವಾಗ ಎತ್ತಿದೆನೋ ಗೊತ್ತಿಲ್ಲ.

ಅವಳು ಹಿಂದೆ ಸರಿಯಲಿಲ್ಲ. "ಒಡೀರಿ. ಒಡ್ದಾದ್ಮೇಲೆ ಕಾಲು ಕೊಡಿ, ತೊಳೀತೀನಿ."

ಮೂಲೆಯಲ್ಲಿದ್ದ ಅವ್ವ ಎದ್ದು ಬಂದು ನಮ್ಮಿಬ್ಬರ ನಡುವೆ ನಿಂತಳು. "ಅವ್ಳನ್ಯಾಕೆ ಒಡೀತೀಯಲಾ? ಮಗಳ್ನ ವಾಪಸ್ ಕಳಿಸ್ದೋಳು ನಾನು. ನನ್ನೊಡಿ."

ಎಂಟು ತಿಂಗಳಿಂದ ಈ ಮಾತನ್ನು ಅವಳ ಬಾಯಿಂದ ಕೇಳಬೇಕೆಂದು ನಾನು ಕಾದಿದ್ದೆ. ಪೊಲೀಸರ ಮುಂದೆ, ನೆಂಟರ ಮುಂದೆ, ಹೆಂಡತಿಯ ಮುಂದೆ, 'ಅವ್ವ ಕಳಿಸಿದಳು' ಎಂದೇ ಹೇಳುತ್ತ ಬಂದಿದ್ದೆ. ಈಗ ಅವಳು ಒಪ್ಪಿಕೊಂಡಳು, ನನಗೆ ಏನೂ ಹಗುರಾಗಲಿಲ್ಲ.

"ಅಕ್ಕ ನನ್ ಮಕ ನೋಡಿದ್ಲು," ಎಂದೆ. "ಇರು ಅನ್ಲಿಲ್ಲ ನಾನು. ಚೀಲ ಎತ್ಕಂಡು ಬಸ್ ಹತ್ತಿಸ್ದೆ."

ಅವ್ವ ಅಲ್ಲೇ ನೆಲಕ್ಕೆ ಕೂತಳು. ಹೆಂಡತಿ ಸೀರೆಯ ಮೇಲಿನ ಇಡ್ಲಿ ಚೂರುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿನಲ್ಲಿಟ್ಟಳು. ಅವಳ ಗದ್ದದ ಮೇಲೆ ನನ್ನ ಬೆರಳು ಒತ್ತಿದ ಕಡೆ ಕೆಂಪಾಗಿತ್ತು.

"ಅಂಗಾರೆ ನನ್ ಮೇಲೆ ಯಾಕೆ ಕೈ ಎತ್ತಿದ್ರಿ?" ಎಂದಳು ಆಮೇಲೆ.