ಬಂಡೆ ಮೇಲಿಂದ ಬರುತ್ತಿದ್ದ ಫೋನು

ಇವತ್ತು ಸಂಜೆ ಮಧುಗಿರಿಯ ಮೊಬೈಲ್ ಅಂಗಡಿಯಲ್ಲಿ ಮನೆಮಂದಿಗೆಲ್ಲ ಸೇರಿ ಒಂದು ಪ್ಲಾನ್ ಕೇಳುತ್ತಿದ್ದೆ. "ರೋಮಿಂಗ್ ಅನ್ನೋದೇ ಇಲ್ಲ ಈಗ" ಅಂದರು ಅಂಗಡಿಯವರು. ಅಪ್ಪನ ತಂಗಿ ರತ್ನತ್ತೆ ನೆನಪಾದಳು.

ನಾನು ಚಿಕ್ಕವಳಿದ್ದಾಗ ಅಪ್ಪ ಎಲ್ಲರಿಗೂ ಒಂದೇ ಕಂಪನಿಯ ಸಿಮ್ ಕೊಡಿಸಿದ್ದ, ನಮ್ಮನಮ್ಮಲ್ಲಿ ಮಾತು ಪುಕ್ಕಟೆ ಅಂತ. ಆದರೆ ಪಾವಗಡದ ಗಡಿಯಂಚಿನಲ್ಲಿದ್ದ ಅತ್ತೆಯ ಮನೆಯೊಳಗೆ ಫೋನು ಆಂಧ್ರದ ಟವರ್ ಹಿಡಿದು ರೋಮಿಂಗ್ ಅಂತ ದುಡ್ಡು ತಿನ್ನುತ್ತಿತ್ತು. ಹಿತ್ತಲ ಬಂಡೆ ಹತ್ತಿದರೆ ನಮ್ಮ ಟವರ್. ಸಂಜೆಯಾದರೆ ಅತ್ತೆ ಬಂಡೆ ಹತ್ತಿ, ಕರ್ನಾಟಕಕ್ಕೆ ಬಂದು ಫೋನು ಮಾಡುತ್ತಿದ್ದಳು. ಇತ್ತ ನಮ್ಮನೇಲಿ ಅಜ್ಜಿ ಎರಡೂ ಕೈಯಲ್ಲಿ ಫೋನು ಹಿಡಿದು, ಮೊದಲು ಗಾಳಿಯ ಸದ್ದು ಕೇಳಿಸಿಕೊಂಡು ಗದರುತ್ತಿದ್ದಳು: "ಲೇ ರತ್ನಿ, ಗಾಳಿ ಹೆಂಗ್ ಬೀಸ್ತೈತೆ! ಕಿವಿಗೆ ಸೆರಗು ಸುತ್ಕಳೇ." ಮಿಕ್ಕ ಮಾತೆಲ್ಲ ಆಮೇಲೆ.

ಅಂಗಡಿಯಿಂದಲೇ ಅತ್ತೆಗೆ ಫೋನು ಮಾಡಿದೆ. ಅವಳ ದನಿಯ ಹಿಂದೆ ಅದೇ ಗಾಳಿ.

"ಇನ್ನೂ ಬಂಡೆ ಹತ್ತೀಯಾ ಅತ್ತೆ? ಈಗ ಮನೇಲೇ ಮಾತಾಡ್ಬೋದಲ್ಲ?"

"ಅಮ್ಮ ಹೋದ್ಮೇಲೂ ಸಂಜೆಯಾದ್ರೆ ಕಾಲು ಇಲ್ಲಿಗೇ ಬತ್ತವೆ ಕಣಮ್ಮ."

"ಕಿವಿಗೆ ಸೆರಗು ಸುತ್ಕ ಅತ್ತೆ" ಅಂದೆ.

ಅತ್ತ ಗಾಳಿಯ ಸದ್ದು ಮೆಲ್ಲಗೆ ಸೆರಗಿನೊಳಗೆ ಅಡಗಿತು.