ಕಂಬಳಿ ಹೊದ್ದ ಸರ್ವರ್

ಕಂಬಳಿ ಬಿಚ್ಚಿದೊಡನೆ ಕುರಿಯ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ಮಾತ್ರ ಹಳೆಯ ಲಿನಕ್ಸ್ ಕಂಪ್ಯೂಟರ್. ಮೂಡಲಗಿಯಲ್ಲಿ ನಮಗೆ ಕಂಪ್ಯೂಟರ್ ಕಲಿಸಿದ ಸರ್ ಅವರದು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಅದನ್ನು ಗೋಕಾಕದ ನನ್ನ ಮನೆಗೆ ಕಳಿಸಿದ್ದರು. ಕಂಬಳಿ ಒಂದು ಕಾಲಕ್ಕೆ ಕುರಿಗಾರನಾಗಿದ್ದ ನನ್ನಪ್ಪ ಅವರಿಗೆ ಕೊಟ್ಟದ್ದು...

ಸರ್‌ಗೆ ಒಂದು ಹುಚ್ಚಿತ್ತು. ಕುಲಗೋಡ, ಕೌಜಲಗಿ, ಹುಕ್ಕೇರಿ ಕಡೆಯ ಕುರಿಗಾರರು ಹಿಂಡನ್ನು ಕರೆಯುವ ದನಿಗಳನ್ನು ರೆಕಾರ್ಡ್ ಮಾಡಿ, ಮನೆಯಲ್ಲಿದ್ದ ಈ ಯಂತ್ರದಿಂದಲೇ ಒಂದು ಜಾಲತಾಣ ನಡೆಸುತ್ತಿದ್ದರು. ಯಾರು ಎಷ್ಟೇ ಚೆನ್ನಾಗಿ ಕರೆದರೂ "ಇನ್ನೊಮ್ಮಿ ಕರೀರಿ" ಅನ್ನುತ್ತಿದ್ದರು.

"ಕುರಿನೂ ಒಮ್ಮಿ ಕರದ್ರ ಬರ್ತಾವ, ನಿಮಗೇನಾಗೈತ್ರಿ ಸರ?" ಎಂದು ಅಪ್ಪ ರೇಗಿಸಿದ್ದ.

ತರಗತಿಯಲ್ಲಿ ಅವರೇ ಹೇಳಿಕೊಟ್ಟಿದ್ದರು: "ಕಂಟೇನರ್ ಅಂದ್ರ ವೆಬ್‌ಸೈಟ್ ನಡಸೂ ಸಾಫ್ಟ್‌ವೇರ್ ತುಂಬಿಡೂ ಡಬ್ಬಿ. ಇವತ್ತ ಇರ್ತೈತಿ, ನಾಳಿ ಒಗದು ಹೊಸಾದು ತರ್ತೀವಿ. ಉಳೀಬೇಕಾದ್ದನ್ನ ಅದರ ಹೊರಗ ಇಡ್ರಿ."

ಅಪ್ಪ ತೀರಿಕೊಂಡ ವರ್ಷದ ಖಂಡೆ ಪೂಜೆ. ಊರವರೆಲ್ಲ ಟ್ರ್ಯಾಕ್ಟರು, ಕುಡಗೋಲು ತೊಳೆದು ಪೂಜೆಗಿಡುವ ದಿನ. ಸರ್ ಕೂಡ ಪ್ರತಿ ವರ್ಷ ಯಂತ್ರದ ದೂಳು ಒರೆಸಿ ಕುಂಕುಮ ಹಚ್ಚುತ್ತಿದ್ದರು. ಆ ಸಲ ಒಳಗೂ ಸ್ವಚ್ಛ ಮಾಡೋಣವೆಂದು ಹಳೆಯ ಕಂಟೇನರ್ ಅಳಿಸಿ, ಹೊಸದನ್ನು ಏರಿಸಿದರು. ಜಾಲತಾಣ ತೆರೆಯಿತು, ಖಾಲಿಯಾಗಿ. ದನಿಗಳೆಲ್ಲ ಅಳಿಸಿದ ಡಬ್ಬಿಯ ಒಳಗೇ ಇದ್ದವು. ನಮಗೆ ಹೇಳಿದ್ದನ್ನು ತಾವೇ ಮಾಡಿರಲಿಲ್ಲ. ಬೇರೆ ಪ್ರತಿಯೂ ಇರಲಿಲ್ಲ...

ಬಸ್ಸು ಹತ್ತಿ ಊರೂರು ತಿರುಗಿ ಉಳಿದವರ ದನಿಗಳನ್ನು ಮತ್ತೆ ತಂದರು. ಅಪ್ಪನದನ್ನು ಎಲ್ಲಿಂದ ತರುವುದು? ಒಂದು ಸಂಜೆ ಕುಲಗೋಡದ ಅಪ್ಪನ ಮನೆಯ ಕಟ್ಟೆಯ ಮೇಲೆ ಕೂತು, ಕೊಟ್ಟ ನೀರನ್ನೂ ಮುಟ್ಟದೆ, "ತಂಗಿ, ನಿಮ್ಮಪ್ಪ ಹೆಂಗ ಕರೀತಿದ್ದ, ನೀನರ ಒಮ್ಮಿ ಕರಿಯವಾ" ಎಂದರು. ಬಾಯಿ ತೆರೆದೆ. ದನಿ ಹೊರಡಲೇ ಇಲ್ಲ. ಆಮೇಲೆ ಅವರು ನಮ್ಮ ಓಣಿಗೆ ಬರುವುದನ್ನೇ ಬಿಟ್ಟರು. ನನಗೆ ಅವರ ಮೇಲೆ ಸಿಟ್ಟಿರಲಿಲ್ಲ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ ಅನ್ನುವುದೇ ಈಗಲೂ ನನ್ನ ಸಂಕಟ.

ನಿನ್ನೆ ಯಂತ್ರ ಚಾಲೂ ಮಾಡಿದೆ. ಮತ್ತೆ ತಂದ ದನಿಗಳನ್ನು ಸರ್ ಈ ಸಲ ಕಂಟೇನರಿನ ಹೊರಗೇ, ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದರು. ಜಾಲತಾಣ ಎದ್ದಿತು. ಒಬ್ಬೊಬ್ಬರೂ ಕರೆಯತೊಡಗಿದರು, ನಡುನಡುವೆ "ಇನ್ನೊಮ್ಮಿ" ಅನ್ನುವ ಸರ್ ದನಿಯೂ ಕೇಳುತ್ತಿತ್ತು. ಅಪ್ಪನ ಪುಟದಲ್ಲಿ ಫೋಟೊ ಇತ್ತು, ಅದರ ಕೆಳಗೆ ಏನೂ ಇರಲಿಲ್ಲ.

ಬಾಗಿಲು ಮುಂದೆ ಮಾಡಿ, ಮೈಕಿನ ಎದುರು ಕೂತು ಅಪ್ಪನ ಹಾಗೆ ಕರೆದೆ. ಅರ್ಧದಲ್ಲೇ ದನಿ ಒಡೆಯಿತು. ರೆಕಾರ್ಡಿಂಗ್ ನಿಲ್ಲಿಸಿದೆ.

ಇನ್ನೊಮ್ಮಿ ಅನ್ನುವವರು ಯಾರೂ ಇರಲಿಲ್ಲ. ಅದನ್ನೇ ಅಪ್ಪನ ಪುಟಕ್ಕೆ ಏರಿಸಿದೆ.