ಜ್ವರದ ದಾರಿ ಕಾಯುತ್ತ

ಕುತ್ತಿಗೆಯಲ್ಲಿ ಮತ್ತೆ ಗಂಟು ಕಾಣಿಸಿಕೊಂಡಾಗ ನನಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಕುತೂಹಲ. ಲಿಂಫೋಮಾ ಎಂಬ ಕ್ಯಾನ್ಸರಿಗೆ ಹೈದರಾಬಾದಿನಲ್ಲಿ ಒಮ್ಮೆ ಚಿಕಿತ್ಸೆ ಆಗಿತ್ತು. ನನ್ನದೇ ರಕ್ತದಿಂದ ರಕ್ಷಣೆಯ ಕೋಶಗಳನ್ನು ತೆಗೆದು, ರೋಗದ ಗುರುತು ಹಿಡಿಯಲು ಲ್ಯಾಬಿನಲ್ಲಿ ಕಲಿಸಿ, ಬೆಳೆಸಿ, ಮರಳಿ ನನ್ನೊಳಗೇ ಬಿಟ್ಟಿದ್ದರು. ಆ ಸಿಪಾಯಿಗಳೆಲ್ಲ ಎಲ್ಲಿ ಹೋದರು ಎಂದು ಡಾಕ್ಟರನ್ನು ಕೇಳಿದೆ. ರೋಗವೇ ತನ್ನ ಗುರುತು ಅಳಿಸಿಕೊಂಡಿದೆ, ಈ ಸಲ ಬೇರೆ ಗುರುತು ಕಲಿಸಿ ಕಳಿಸುತ್ತೇವೆ ಎಂದರು. ಹುಮನಾಬಾದಿನ ನನ್ನ ಬಟ್ಟೆ ಅಂಗಡಿಯಲ್ಲಿ ಅಂಗಿ ಬದಲಿಸಿ ಆಳೇ ಬೇರೆಯಾದವರನ್ನು ಎಷ್ಟೋ ನೋಡಿದ್ದೇನೆ. ಆದರೂ ಈ ಕಳ್ಳನ ಚಾಲಾಕಿಗೆ ತಲೆದೂಗಿದೆ.

ಮೊದಲ ಸಲ ಕೋಶಗಳು ಒಳಗೆ ಹೋದ ಮೇಲೆ ಮೈ ಸುಡುವ ಜ್ವರ ಬಂದಿತ್ತು. ಅವು ಕೆಲಸಕ್ಕೆ ಇಳಿದಾಗ ಹಾಗಾಗುವುದುಂಟಂತೆ. ಬಸವಕಲ್ಯಾಣದಲ್ಲಿರುವ ಅಕ್ಕ ಅದನ್ನು ಕಣ್ಣಾರೆ ಕಂಡು ನಡುಗಿದ್ದಳು. ಈ ಸಲ ಜ್ವರ ಬರಬಾರದೆಂದು ನನಗೆ ಹೇಳದೆಯೇ ಹರಕೆ ಹೊತ್ತಳು. ಗುಡಿಯಲ್ಲೊಂದು, ಓಣಿಯ ದರ್ಗಾದಲ್ಲೊಂದು. ಒಂದು ಕಡೆ ಕೇಳಿಸದಿದ್ದರೆ ಇನ್ನೊಂದು ಕಡೆ ಇರಲಿ ಎಂದು.

ಕೋಶಗಳು ಒಳಗೆ ಹೋದವು. ಜ್ವರ ಬರಲಿಲ್ಲ. ಬರದೆಯೂ ಗುಣವಾಗಬಹುದು ಎಂದು ಡಾಕ್ಟರು ಹೇಳಿದರು, ನನ್ನ ಹೆದರಿಕೆ ಕೇಳಬೇಕಲ್ಲ. ಇವೂ ಸೋತರೆ ಮುಂದೆ ಹೆಚ್ಚು ದಾರಿ ಇರಲಿಲ್ಲ. ನರ್ಸು ಥರ್ಮಾಮೀಟರ್ ತೆಗೆದಾಗಲೆಲ್ಲ ಇಣುಕಿ ನೋಡುತ್ತಿದ್ದೆ.

ಅಕ್ಕ ಫೋನಿನಲ್ಲಿ ಹಿಗ್ಗಿದ್ದಳು. “ನೋಡು ತಮ್ಮಾ, ಮೈ ತಣ್ಣಗ ಐತಿ. ನನ್ನ ಹರಕಿ ಮುಟ್ಟೇತಿ.”

“ಅಯ್ಯೋ ಅಕ್ಕಾ, ನಾ ಜ್ವರದ ದಾರಿನ ಕಾಯಾಕತ್ತೇನಿ. ನೀ ಅದನ್ನ ಬಾಗಲದಾಗ ತಡದು ನಿಲ್ಲಿಸೀದಿ!”

ಯಾಕೆಂದು ತಿಳಿದ ಮೇಲೆ ಅವಳು ಕಂಗಾಲಾದಳು. “ಹೊತ್ತ ಹರಕಿ ತಿರುಗಿಸೋದು ಹ್ಯಾಂಗೋ? ದೇವ್ರಿಗೆ ಏನಂತ ಹೇಳ್ಲಿ?” ಆದರೂ ಎರಡೂ ಕಡೆ ಹೋಗಿಬಂದಳು. ದರ್ಗಾ ನೋಡಿಕೊಳ್ಳುವ ಮುಜಾವರರು, “ಜ್ವರ ಬರ್ಲಿ ಅಂತ ಬೇಡೋರನ್ನ ಇದ ಮೊದಲ ನೋಡಾಕತ್ತೇನ್ರಿ ಅಕ್ಕಾರ” ಎಂದರಂತೆ.

ಮರುದಿನ ಮಧ್ಯಾಹ್ನ ನನಗೆ ಚಳಿ ಹತ್ತಿತು. ಹಲ್ಲು ಕಟಕಟ. ಹರಕೆಯಿಂದಲೋ ಕೋಶಗಳಿಂದಲೋ ನಾನು ಹೇಳಲಾರೆ. ಸೋಂಕಿನದೂ ಇರಬಹುದು ಎಂದು ಡಾಕ್ಟರು ಗಡಿಬಿಡಿಯಲ್ಲಿ ರಕ್ತ ತೆಗೆಸಿದರು. ನಾನು ಹೊದಿಕೆಯೊಳಗಿಂದಲೇ ಫೋನ್ ಹಚ್ಚಿದೆ.

“ಅಕ್ಕಾ, ಜ್ವರ ಬಂತು.”

ಅವಳು ಅಳತೊಡಗಿದಳು. “ಈಗ ನಾ ಹೆದರ್ಲ್ಯೋ, ಖುಷಿ ಪಡ್ಲ್ಯೋ?”

“ಎರಡೂ ಮಾಡು” ಎಂದೆ. ನಾನೂ ಅದನ್ನೇ ಮಾಡುತ್ತಿದ್ದೆ.